ಮದ್ದೂರು ಬಳಗದಲ್ಲಿ 31,114

ಪೀಣ್ಯ ಭಾವ (ಫಾರ್ವರ್ಡ್): ಬ್ರೇಕಿಂಗ್!!! ಕರ್ನಾಟಕದಲ್ಲಿ ಇನ್ಮೇಲೆ ಎಲ್ಲರಿಗೂ ಕನಿಷ್ಠ ಸಂಬಳ 31,114 ರೂಪಾಯಿ. ಮನೆಕೆಲಸದವರಿಗೂ ಕೊಡಲೇಬೇಕು. ಕೊಡದಿದ್ದರೆ ಜೈಲು. ಹತ್ತು ಜನಕ್ಕೆ ಕಳಿಸಿ.

ಪೀಣ್ಯ ಭಾವ: ಶೆಡ್ಡಿನ ಬೀಗದ ಕೈ ಯಾರಿಗೆ ಬೇಕು ಹೇಳಿ. ಕೊಟ್ಟು ಊರಿಗೆ ಬರುತ್ತೇನೆ.

ಇದು ನಡೆದದ್ದು 2025ರ ಏಪ್ರಿಲ್‌ನ ಒಂದು ಭಾನುವಾರ, 'ಮದ್ದೂರು ಬಳಗ' ಎಂಬ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ. ಭಾವನಿಗೆ ಪೀಣ್ಯದಲ್ಲಿ ಸಣ್ಣ ಶೆಡ್ ಇದೆ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಏಳೆಂಟು ಹುಡುಗರು. ಇಂಥ ಸುದ್ದಿ ಬಂದಾಗಲೆಲ್ಲ ಅವರು ಬೀಗದ ಕೈ ಹಂಚಲು ಹೊರಡುತ್ತಾರೆ. ನೋಟು ರದ್ದಾದಾಗ ಹಂಚಿದರು, ಜಿಎಸ್‌ಟಿ ಬಂದಾಗಲೂ ಹಂಚಿದರು. ಇದುವರೆಗೆ ಯಾರೂ ಇಸಿದುಕೊಂಡಿಲ್ಲ.

ಜಯನಗರ ಅತ್ತೆ: ಅಯ್ಯೋ ದೇವರೇ. ನಮ್ಮ ಕೆಲಸದವಳಿಗೆ ಪಾತ್ರೆ, ನೆಲ ಎರಡಕ್ಕೂ ಸೇರಿ 3,500 ಕೊಡುತ್ತಿದ್ದೇನೆ. ಹೋದ ತಿಂಗಳು 500 ಜಾಸ್ತಿ ಕೇಳಿದಳು. ಇನ್ನು ಇದನ್ನು ನೋಡಿದರೆ ಕಥೆ ಮುಗೀತು.

ಸುರೇಶ: ಮೂಲ?

ದೊಡ್ಡಪ್ಪ: ಮೂಲ ಕೇಳುವ ಮೊದಲು ಹಿರಿಯರಿಗೆ ನಮಸ್ಕಾರ ಹೇಳುವುದನ್ನು ಕಲಿ.

ಸುರೇಶ: ನಮಸ್ಕಾರ ದೊಡ್ಡಪ್ಪ. ಭಾವ, ಮೂಲ?

ಪೀಣ್ಯ ಭಾವ: ನಮ್ಮ ಅಸೋಸಿಯೇಷನ್ ಗುಂಪಿನಲ್ಲಿ ಬಂತು. ಅವರೇನು ಸುಳ್ಳು ಹೇಳುತ್ತಾರಾ?

ಸುರೇಶ: ಅರಿಶಿನದ ನೀರು ಕುಡಿದರೆ ಕೊರೊನಾ ಬರಲ್ಲ ಅಂತಲೂ ಅದೇ ಗುಂಪಿನಲ್ಲಿ ಬಂದಿತ್ತು.

ಜಯನಗರ ಅತ್ತೆ: ಅದು ನಾನು ಕಳಿಸಿದ್ದು. ಕುಡಿದವರು ಯಾರೂ ಸಾಯಲಿಲ್ಲವಲ್ಲ.

ಸುರೇಶ ನನ್ನ ತಮ್ಮ. ಮೂಲ ಕೇಳುವುದು ಬಿಟ್ಟರೆ ಗುಂಪಿನಲ್ಲಿ ಅವನಿಗೆ ಬೇರೆ ಕೆಲಸವಿಲ್ಲ. ನಾನು ಆಡಿಟರ್ ಆಫೀಸಿನಲ್ಲಿ ಪಿಎಫ್, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ನೋಡಿಕೊಳ್ಳುವವಳು. ಆ ತಿಂಗಳು ನಮ್ಮ ಆಫೀಸಿನಲ್ಲೂ ಇದೇ ಮಾತು. ಸುಮ್ನೆ ಇರಬಹುದಿತ್ತು, ಆದರೆ ಗುಂಪಿನ ಅಡ್ಮಿನ್ ಕೂಡ ನಾನೇ. ಹಾಗಾಗಿ ಬರೆದೆ:

"ಭಾವ, ಇದು ಕರಡು ಅಧಿಸೂಚನೆ ಅಷ್ಟೇ. ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳು ಟೈಮ್ ಇರುತ್ತದೆ. 31,114 ಎಲ್ಲರಿಗೂ ಅಲ್ಲ. ಅದು ಬೆಂಗಳೂರಿನ ವಲಯದಲ್ಲಿ 'ಅತಿ ಕುಶಲ' ದರ್ಜೆಯವರಿಗೆ. ತಳದ ಮೊತ್ತ 19,319, ಮೂರನೇ ವಲಯದ, ಅಂದರೆ ಸಣ್ಣ ಊರುಗಳ ಅಕುಶಲರಿಗೆ. ಅತ್ತೆ, ಮನೆಕೆಲಸಕ್ಕೆ ಕನಿಷ್ಠ ಕೂಲಿ ಹೊಸದಲ್ಲ. ಕರ್ನಾಟಕ ಅದನ್ನು 2004ರಲ್ಲೇ ನಿಗದಿ ಮಾಡಿತ್ತು."

ಮೈಸೂರು ಮಂಜ: ಇಷ್ಟುದ್ದ ಯಾರು ಓದ್ತಾರೆ ಅಕ್ಕ. ವಾಯ್ಸ್ ಹಾಕು.

ಜಯನಗರ ಅತ್ತೆ: 2004ರಿಂದ ಇದೆಯಾ? ಹಾಗಾದರೆ ನಮಗೆ ಯಾರೂ ಹೇಳಲೇ ಇಲ್ಲ. ಹೇಳದ ಮೇಲೆ ನಮ್ಮ ತಪ್ಪಲ್ಲ ಅಲ್ವಾ.

ದೊಡ್ಡಪ್ಪ: ನಾನು 1971ರಲ್ಲಿ ಮೇಷ್ಟ್ರಾಗಿ ಸೇರಿದಾಗ ಕೈಗೆ ಬರುತ್ತಿದ್ದದ್ದು ನೂರ ಎಂಬತ್ತು. ಆಗ ಯಾವ ಕನಿಷ್ಠ, ಯಾವ ಗರಿಷ್ಠ? ಅದರಲ್ಲೇ ಮನೆ ನಡೆಸಿದೆ, ತಂಗಿಯ ಮದುವೆ ಮಾಡಿದೆ. ಈಗಿನವರಿಗೆ ಎಷ್ಟು ಬಂದರೂ ಸಾಲದು. ಮೊಬೈಲ್ ಬೇಕು, ಹೊರಗಿನ ಊಟ ಬೇಕು. ಆಸೆಗೆ ಮಿತಿ ಇದ್ದರೆ ಸಂಬಳ ತಾನಾಗಿ ಸಾಕಾಗುತ್ತದೆ.

ಜಯನಗರ ಅತ್ತೆ: ಅಣ್ಣ, ನನ್ನ ಮದುವೆಗೆ ಅಪ್ಪ ನಾಲೆ ಪಕ್ಕದ ಎರಡು ಎಕರೆ ಗದ್ದೆ ಮಾರಿದ್ದು. ನಿನ್ನ ನೂರ ಎಂಬತ್ತರಲ್ಲಿ ಆಗಿದ್ದಲ್ಲ.

ದೊಡ್ಡಪ್ಪ: ಮಾರಿಸಿದ್ದು ಯಾರು, ನೋಂದಣಿಗೆ ಓಡಾಡಿದ್ದು ಯಾರು, ಅದನ್ನೂ ಹೇಳು.

ಕನಿಷ್ಠ ಕೂಲಿಯಿಂದ ನಾಲೆ ಪಕ್ಕದ ಗದ್ದೆಗೆ ಬರಲು ನಮ್ಮವರಿಗೆ ಇಪ್ಪತ್ತು ನಿಮಿಷ ಸಾಕು. ಆ ಗದ್ದೆಯ ವಿಷಯ ಎಲ್ಲ ಜಗಳದಲ್ಲೂ ಒಮ್ಮೆ ಬಂದೇ ಬರುತ್ತದೆ. ಅಷ್ಟರಲ್ಲಿ ಡಲ್ಲಾಸ್‌ನಲ್ಲಿ ಬೆಳಗಾಗಿತ್ತು.

ರವಿ: ಇಲ್ಲಿ ನಮ್ಮ ಮನೆ ಪಾತ್ರೆ ನಾವೇ ತೊಳೀತೀವಿ. ಅಮೆರಿಕದಲ್ಲಿ ಶ್ರಮಕ್ಕೆ ಬೆಲೆ ಇದೆ. ಇಂಡಿಯಾದಲ್ಲಿ ಅದೇ ತೊಂದರೆ.

ಸುರೇಶ: ನಿಮ್ಮ ಟೆಕ್ಸಾಸಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಒಂದು ಸೆಂಟೂ ಏರಿಲ್ಲ. ಯಾವ ಬೆಲೆ?

ಪೀಣ್ಯ ಭಾವ: ಮೂಲ?

ಇದಕ್ಕೆ ಎಂಟು ಜನ ನಗುವ ಮುಖ ಒತ್ತಿದರು. ದೊಡ್ಡಪ್ಪನೂ ಒತ್ತಿದರು. ಬಹುಶಃ ಕೈ ತಪ್ಪಿ. ಸುರೇಶ ಹೇಳಿದ್ದು ಸರಿಯೇ ಇತ್ತು, ಆದರೆ ಆಮೇಲೆ ಅವನು ಲಿಂಕ್ ಹಾಕಿದ್ದನ್ನು ಒಬ್ಬರೂ ತೆರೆಯಲಿಲ್ಲ. ಆ ಸಂಬಳಕ್ಕೆ ಈಗ ಇಲ್ಲಿ ಯಾರೂ ಬರಲ್ಲ ಎಂದು ರವಿ ಏನೋ ಬರೆದ. ಅದನ್ನೂ ಯಾರೂ ಓದಲಿಲ್ಲ.

ಜಯನಗರ ಅತ್ತೆ: ಅದಿರಲಿ, ಈ 19 ಸಾವಿರ ಯಾರ ಲೆಕ್ಕ? ಬಾಯಿಗೆ ಬಂದದ್ದು ಬರೆದರಾ?

ಬಾಯಿಗೆ ಬಂದದ್ದಲ್ಲ. ಆದರೆ ಲೆಕ್ಕ ಬಹಳ ಹಳೆಯದು. 1957ರಲ್ಲಿ ನಡೆದ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಹಾಕಿದ ಸೂತ್ರ ಅದು. ಕೆಲಸಗಾರನ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಊಟದ ಲೆಕ್ಕದಲ್ಲಿ ಗಂಡಸು ಒಂದು, ಹೆಂಗಸು 0.8, ಮಕ್ಕಳು ತಲಾ 0.6. ಒಟ್ಟು ಮೂರು. ಒಂದೊಂದಕ್ಕೆ ದಿನಕ್ಕೆ 2,700 ಕ್ಯಾಲರಿ. ನಾಲ್ವರಿಗೂ ಸೇರಿ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ ಸ್ವಲ್ಪ. ಸೌದೆ, ದೀಪ, ಚಿಲ್ಲರೆ ಖರ್ಚಿಗೆ ಶೇ. 20. ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವಕ್ಕೆಲ್ಲ ಇನ್ನೂ ಶೇ. 25 ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ತೀರ್ಪು ಬಂದದ್ದು 1991-92ರ ಸುಮಾರಿಗೆ. ಈ ಸೂತ್ರವನ್ನು ಇವತ್ತಿನ ಅಕ್ಕಿ, ಬೇಳೆ, ಎಣ್ಣೆ ದರಕ್ಕೆ ಹಚ್ಚಿದರೆ ಇಂಥ ಮೊತ್ತ ಬರುತ್ತದೆ.

ಇಷ್ಟನ್ನು ವಾಯ್ಸ್ ಮೆಸೇಜ್ ಮಾಡಿ ಹಾಕಿದೆ. ಮಂಜನೇ ಕೇಳಿದ್ದನಲ್ಲ.

ಜಯನಗರ ಅತ್ತೆ: 72 ಗಜ ಬಟ್ಟೆಯಾ! ನನಗೇ ಅಷ್ಟು ಸಿಗಲ್ಲ.

ಸುರೇಶ: ನಾಲ್ಕು ಜನಕ್ಕೆ ಅತ್ತೆ. ತಲೆಗೆ 18 ಗಜ. ಆರು ಗಜದ ಸೀರೆ ಮೂರು. ರವಿಕೆ, ಲಂಗಕ್ಕೆ ಏನೂ ಉಳಿಯಲ್ಲ.

ಅತ್ತೆ ಉತ್ತರಿಸಲಿಲ್ಲ. ಅವರ ಬೀರು ನೋಡಿದವರಿಗೆ ಕಾರಣ ಗೊತ್ತು. ನನಗೆ ಹೊಳೆದದ್ದು ಬೇರೆ. ಆ ಮೂರು ಪಾಲಿನಲ್ಲಿ ವಯಸ್ಸಾದ ಅಪ್ಪ ಅಮ್ಮನಿಗೆ ಜಾಗವೇ ಇಲ್ಲ. ಆಸೆಗೆ ಮಿತಿ ಹಾಕಲು ಹೇಳುವ ದೊಡ್ಡಪ್ಪನ ಮುದ್ದೆಯೂ ಆ ಲೆಕ್ಕದಲ್ಲಿ ಬರುವುದಿಲ್ಲ. ಬರೆಯಲು ಹೋಗಿ ಅಳಿಸಿದೆ.

ಮೈಸೂರು ಮಂಜ: ಅಜ್ಜನ ಆಲೆಮನೆ ಜ್ಞಾಪಕ ಇದೆಯಾ ಯಾರಿಗಾದರೂ? ಬಿಸಿ ಬೆಲ್ಲ ಎಲೆ ಮೇಲೆ ಹಾಕಿಸಿಕೊಂಡು ಕೊಬ್ಬರಿ ಜೊತೆ ತಿಂತಿದ್ದೆವು. ಕಬ್ಬಿನ ಹಾಲಿಗೆ ನಿಂಬೆಹಣ್ಣು. ಅವೆಲ್ಲ ಹೋದವು.

ರವಿ: ಆಹಾ. ಆ ವಾಸನೆ!

ಪೀಣ್ಯ ಭಾವ: ನನ್ನನ್ನು ಹೆಣ್ಣು ನೋಡಲು ಕರೆದುಕೊಂಡು ಬಂದಾಗ ಮೊದಲು ತೋರಿಸಿದ್ದೇ ಆಲೆಮನೆ. ಹೆಣ್ಣು ಆಮೇಲೆ.

ಅರ್ಧ ಗಂಟೆ ಬೆಲ್ಲವೇ ಬೆಲ್ಲ. ಫೋಟೊ ಬಂದವು. ಒಂದು ಫೋಟೊದಲ್ಲಿ ಕೊಪ್ಪರಿಗೆ ಮುಂದೆ ಬನಿಯನ್ ಹಾಕಿಕೊಂಡು ನಿಂತವರು ಯಾರು ಎಂದು ಯಾರಿಗೂ ಗೊತ್ತಾಗಲಿಲ್ಲ. ಅವರಿಗೆ ಏನು ಕೊಡುತ್ತಿದ್ದರು ಎಂದು ಸುರೇಶ ಕೇಳಿದ. ಊಟ, ಎರಡು ಅಚ್ಚು ಬೆಲ್ಲ, ಹಬ್ಬಕ್ಕೆ ಪಂಚೆ ಎಂದರು ದೊಡ್ಡಪ್ಪ. ಸಂತೋಷವಾಗಿದ್ದರು ಎಂದೂ ಸೇರಿಸಿದರು. ಈಗ ಮಂಡ್ಯದ ಎಷ್ಟೋ ಆಲೆಮನೆಗಳಲ್ಲಿ ಕೆಲಸಕ್ಕೆ ಉತ್ತರಪ್ರದೇಶ, ಬಿಹಾರದವರು ಬರುತ್ತಾರೆ. ಸಂತೋಷವಾಗಿದ್ದವರ ಮಕ್ಕಳು ಎಲ್ಲಿಗೆ ಹೋದರೋ.

ಆಗ ಸರಸು ಚಿಕ್ಕಮ್ಮ ಬಂದರು. ನಮ್ಮ ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಮನೆ ನಡೆಯುವುದು ಮಗಳು ಗೀತಾಳ ಸಂಬಳದಲ್ಲಿ. ಗೀತಾ ರಾಮನಗರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಚಿಕ್ಕಮ್ಮ ಗುಂಪಿನಲ್ಲಿ ಬರೆಯುವುದು ಅಪರೂಪ.

ಸರಸು ಚಿಕ್ಕಮ್ಮ: ಅಳಿಯಂದಿರೇ, ಗೀತಾ ನಿಮ್ಮ ಶೆಡ್ಡಿನಲ್ಲಿ ಒಂದು ವರ್ಷ ಲೆಕ್ಕ ಬರೆದಳಲ್ಲ. ಆಗ ಎಷ್ಟು ಕೊಡುತ್ತಿದ್ದಿರಿ?

ಗುಂಪು ತಣ್ಣಗಾಯಿತು.

ಪೀಣ್ಯ ಭಾವ: ಅತ್ತೆ, ಮನೆ ಮಗಳು ಅಂತ ಇಟ್ಟುಕೊಂಡಿದ್ದೆ. ಸಂಬಳದ ಲೆಕ್ಕ ಅಂತ ಅಲ್ಲ.

ಸರಸು ಚಿಕ್ಕಮ್ಮ: ಮನೆ ಮಗಳಿಗೆ ಬಸ್ ಚಾರ್ಜು ಇರಲ್ವಾ?

ಅಕ್ಕ (ಭಾವನ ಹೆಂಡತಿ): ಚಿಕ್ಕಮ್ಮ, ಅವಳಿಗೆ ದೀಪಾವಳಿಗೆ ಸೀರೆ ಕೊಟ್ಟಿದ್ದು ನೆನಪಿಲ್ವಾ? ಊಟ ನಮ್ಮ ಮನೆಯಲ್ಲೇ. ಅದನ್ನೆಲ್ಲ ಮರೆತು ಈಗ ಎಲ್ಲರ ಮುಂದೆ ಕೇಳಬೇಕಾ?

ಊಟ, ಎರಡು ಅಚ್ಚು ಬೆಲ್ಲ, ಹಬ್ಬಕ್ಕೆ ಪಂಚೆ. ಸುರೇಶ ಇದನ್ನೇ ಬರೆದು ಹಾಕಿದ. ಅವನಿಗೆ ಫೋನ್ ಮಾಡಿ ಅಳಿಸಿಸಿದೆ. ಅಷ್ಟರಲ್ಲಿ ಅಕ್ಕ ಸ್ಕ್ರೀನ್‌ಶಾಟ್ ತೆಗೆದಾಗಿತ್ತು.

ಭಾವನ ಪರವಾಗಿ ಒಂದು ಮಾತು ಹೇಳಬೇಕು. ಅವರು ಕೆಟ್ಟವರಲ್ಲ, ಜಿಪುಣರೂ ಅಲ್ಲ. ಅಕ್ಕನ ಮೆಸೇಜ್ ಆದ ಮೇಲೆ ಅವರು ಬರೆದದ್ದು ಇದು:

"ನನಗೆ ದೊಡ್ಡ ಕಂಪನಿಯವರು ಪೀಸ್‌ಗೆ ಕೊಡುವ ರೇಟ್ ಮೂರು ವರ್ಷದಿಂದ ಒಂದೇ. ಬಿಲ್ ಪಾಸಾಗುವುದು ತೊಂಬತ್ತು ದಿನಕ್ಕೆ. ಕಾನೂನಿನಲ್ಲಿ 45 ದಿನ ಅಂತಿದೆ, ಕೇಳಿದರೆ ಮುಂದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತೆ. ಹುಡುಗರಿಗೆ ಜಾಸ್ತಿ ಕೊಡು ಅಂತ ಎಲ್ಲರೂ ಹೇಳ್ತೀರಿ. ನನಗೆ ಜಾಸ್ತಿ ಕೊಡು ಅಂತ ಅವರಿಗೆ ಯಾರು ಹೇಳ್ತಾರೆ?"

ಆ ದಿನ ಬಂದ ಮೆಸೇಜ್‌ಗಳಲ್ಲಿ ಇದಕ್ಕಿಂತ ನಿಜವಾದದ್ದು ಒಂದೇ ಒಂದು ಇತ್ತು. ಇದಕ್ಕೆ ಒಬ್ಬರೂ ಉತ್ತರ ಬರೆಯಲಿಲ್ಲ. ದೊಡ್ಡಪ್ಪ ಬುದ್ಧನ ಚಿತ್ರವಿರುವ ಶುಭಸಂಜೆ ಹಾಕಿದರು. ಹಾಲು ಈ ತಿಂಗಳ ಒಂದರಿಂದ ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು, ಜನವರಿಯಲ್ಲಿ ಬಸ್ಸು, ಫೆಬ್ರವರಿಯಲ್ಲಿ ಮೆಟ್ರೋ ಎಂದು ಸುರೇಶ ಪಟ್ಟಿ ಕೊಟ್ಟ. ಹೆಂಗಸರಿಗೆ ಬಸ್ಸು ಫ್ರೀ ಇದೆಯಲ್ಲ, ಇನ್ನೇನು ಬೇಕು ಎಂದು ಅತ್ತೆ ಕೇಳಿದರು.

ಆ ಇನ್ನೊಂದು ಮೆಸೇಜ್ ಗೀತಾಳದು. ರಾತ್ರಿ ಎಂಟಕ್ಕೆ ಬಂತು.

ಗೀತಾ: ಫ್ರೀ ಬಸ್ಸು ನಮ್ಮ ಶಿಫ್ಟ್ ಟೈಮಿಗೆ ಇಲ್ಲ ಅತ್ತೆ. ವ್ಯಾನಿಗೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಪಿಎಫ್, ಇಎಸ್‌ಐ, ವ್ಯಾನು ಎಲ್ಲ ಹೋಗಿ ಕೈಗೆ ಹನ್ನೆರಡು ಸಾವಿರದ ಒಳಗೇ. 2020ರಲ್ಲಿ ತಿಂಗಳಿಗೆ 417 ರೂಪಾಯಿ ಡಿಎ ಏರಿದಾಗ ಅದನ್ನೇ ಕೊಡಲಿಲ್ಲ. ಈಗ ಏಳು ಸಾವಿರ ಒಟ್ಟಿಗೆ ಕೊಡ್ತಾರಾ? ಕೊಟ್ಟರೆ ಗಂಟೆಯ ಟಾರ್ಗೆಟ್ ಎಷ್ಟು ಏರಿಸುತ್ತಾರೆ? ಅಕ್ಕ, ಒಂದು ವಿಷಯ ಹೇಳು. ನನ್ನದು ಅಕುಶಲದ ಮೇಲಿನ ದರ್ಜೆ. 21 ಸಾವಿರ ದಾಟಿದರೆ ಇಎಸ್‌ಐ ಹೋಗುತ್ತಾ? ಅಮ್ಮನ ಔಷಧಿ ಎಲ್ಲ ಅಲ್ಲೇ.

417ರ ಕಥೆ ಗಾಳಿಮಾತಲ್ಲ. ಬೆಲೆ ಏರಿದ ಲೆಕ್ಕದಲ್ಲಿ ಪ್ರತಿ ಏಪ್ರಿಲ್‌ಗೆ ಬರಬೇಕಾದ ತುಟ್ಟಿಭತ್ಯೆ ಅದು. ರಾಜ್ಯದ ಸುಮಾರು ನಾಲ್ಕು ಲಕ್ಷ ಗಾರ್ಮೆಂಟ್ಸ್ ಕೆಲಸಗಾರರಿಗೆ ಅದು ಸಿಕ್ಕಿರಲಿಲ್ಲ. ಕೋರ್ಟು ಹೇಳಿ, ಹೊರದೇಶದ ಬ್ರಾಂಡ್‌ಗಳ ಒತ್ತಡ ಬಿದ್ದ ಮೇಲೆ 2022ರಲ್ಲಿ ಬಾಕಿ ಕೈಸೇರಿತು.

ಇಎಸ್‌ಐ ಪ್ರಶ್ನೆಗೆ ಬಂದರೆ ಗೀತಾ ಹಿಡಿದದ್ದು ಸರಿಯಾದ ಜಾಗ. 21,000ದ ಮಿತಿ 2017ರಿಂದ ಹಾಗೇ ಇದೆ. ಸಂಬಳ ಅದನ್ನು ದಾಟಿದರೆ ನಡೆಯುತ್ತಿರುವ ವಂತಿಗೆ ಅವಧಿ ಮುಗಿಯುವ ತನಕ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯ ತನಕ, ಕಡಿತ ಮುಂದುವರಿಯುತ್ತದೆ. ಆಮೇಲೆ ಕಾರ್ಡಿನಿಂದ ಹೊರಗೆ. ಕೂಲಿ ಏರಿಸಿ ಮಿತಿಯನ್ನು ಅಲ್ಲೇ ಬಿಟ್ಟರೆ ಜಾಸ್ತಿ ಬಂದ ದುಡ್ಡಿನಲ್ಲಿ ಒಂದಷ್ಟು ನೇರವಾಗಿ ಮೆಡಿಕಲ್ ಸ್ಟೋರಿಗೆ ಹೋಗುತ್ತದೆ. ಇದನ್ನು ಅವಳಿಗೆ ಫೋನ್ ಮಾಡಿ ಹೇಳಿದೆ. ಗುಂಪಿನಲ್ಲಿ ಹಾಕಲಿಲ್ಲ, ಅಲ್ಲಿ ಆಗಲೇ ಊರಹಬ್ಬ ಶುರುವಾಗಿತ್ತು.

ದೊಡ್ಡಪ್ಪ: ಎಲ್ಲರೂ ಜಗಳ ನಿಲ್ಲಿಸಿ. ಮುಂದಿನ ತಿಂಗಳು ಊರಹಬ್ಬ. ಐವತ್ತು ಎಲೆ ಆಗಬಹುದು. ಅಡಿಗೆಗೆ ಏನು ಮಾಡೋಣ?

ಜಯನಗರ ಅತ್ತೆ: ಅಡಿಗೆಯವರು ತಲೆಗೆ ಸಾವಿರದ ಮೇಲೆ ಕೇಳುತ್ತಾರೆ. ಹೋದ ವರ್ಷದ್ದೇ ಕೊಡಿ. ಅಭ್ಯಾಸ ಮಾಡಿಸಬೇಡಿ.

ದೊಡ್ಡಪ್ಪ: ಹೊರಗಿನವರು ಯಾಕೆ? ನಮ್ಮ ಸರಸು ಇದ್ದಾಳಲ್ಲ. ಅವಳ ಕೈರುಚಿ ಯಾರಿಗೆ ಬರುತ್ತೆ?

ಸರಸು ಚಿಕ್ಕಮ್ಮ: ಬರುತ್ತೇನೆ ಭಾವ. 19,319ನ್ನು 26 ದಿನಕ್ಕೆ ಭಾಗ ಮಾಡಿದೆ. ದಿನಕ್ಕೆ 743.

ಗೀತಾ: ಅಮ್ಮ, ಅದು ಅಕುಶಲರ ರೇಟು. ಐವತ್ತು ಎಲೆಗೆ ಮುದ್ದೆ ಕಟ್ಟುವವರಿಗಲ್ಲ.

ಪೀಣ್ಯ ಭಾವ: ಸರಿಯಾಗಿ ಹೇಳಿದೆ ಕಣಮ್ಮ. ಮಾವ, ಕೊಟ್ಟುಬಿಡಿ. ಇದು ಕರಡು ಅಲ್ಲ.

ದೊಡ್ಡಪ್ಪ: ಹಬ್ಬದ ಖರ್ಚಿನ ವಿಷಯ ಗುಂಪಿನಲ್ಲಿ ಬೇಡ. ಫೋನಿನಲ್ಲಿ ಮಾತಾಡೋಣ.