ಎಪಿಆರ್‌ಎಸ್ + ಪ್ಯಾಕೆಟ್‌ಗೆ ಯಾವ ರೇಡಿಯೊ ಸೆಟ್ ತಗೊಳ್ಳಲಿ? ಸಹಾಯ ಬೇಕು

ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರಿಗೆಲ್ಲ ನಮಸ್ಕಾರ. ನಮ್ಮೂರು ಶಿರಸಿ ಕಡೆ. ಘಟ್ಟದಲ್ಲಿ ಮೊಬೈಲ್ ನೆಟ್‌ವರ್ಕ್ ನಂಬೋ ಹಾಗಿಲ್ಲ. ಜೀಪಿನಿಂದ ಎಪಿಆರ್‌ಎಸ್‌ನಲ್ಲಿ (ರೇಡಿಯೊ ಮೇಲೆ ಲೊಕೇಶನ್, ಚಿಕ್ಕ ಸಂದೇಶ ಕಳಿಸೋ ವ್ಯವಸ್ಥೆ) ಲೊಕೇಶನ್ ಕಳಿಸೋದು, ಮನೆಯಿಂದ ವಿನ್‌ಲಿಂಕ್ ಮೇಲ್ (ರೇಡಿಯೊ ಮೂಲಕ ಇಮೇಲ್), ಎರಡೂ ಒಂದೇ ಸೆಟ್ಟಲ್ಲಿ ಆಗಬೇಕು ಅಂತ ಆಸೆ.

ಸದ್ಯ ಇರೋದು ಅಗ್ಗದ ಹ್ಯಾಂಡಿ (ಕೈಯಲ್ಲಿ ಹಿಡಿಯೋ ಸೆಟ್). ಕೇಬಲ್ ಹಾಕಿ ಫೋನಿನ ಎಪಿಆರ್‌ಎಸ್‌ಡ್ರಾಯ್ಡ್ ಆ್ಯಪ್‌ಗೆ ಜೋಡಿಸಿದೀನಿ. ಕೇಳೋಕೆ ತೊಂದರೆ ಇಲ್ಲ. ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಹಾದುಹೋಗುವಾಗ 145.825 ಮೆಗಾಹರ್ಟ್ಸ್‌ನಲ್ಲಿ ಪ್ಯಾಕೆಟ್, ಅಂದ್ರೆ ಡಿಜಿಟಲ್ ಡೇಟಾದ ತುಣುಕುಗಳು, ಚೆನ್ನಾಗಿ ಡಿಕೋಡ್ ಆಗ್ತವೆ (ಆ ಗರ್ರ್ ಸದ್ದು ಕೇಳೋದೇ ಒಂದು ಖುಷಿ ಬಿಡಿ). ಕಳಿಸೋದೇ ಗೋಳು. ವಾಕ್ಸ್‌ನಲ್ಲಿ (ಆಡಿಯೊ ಬಂದಾಗ ಸೆಟ್ ತಾನೇ ಟ್ರಾನ್ಸ್‌ಮಿಟ್‌ಗೆ ಹೋಗೋದು) ಸೆಟ್ ಎದ್ದೇಳೋಷ್ಟರಲ್ಲಿ ಪ್ಯಾಕೆಟ್ಟಿನ ಶುರು ಕತ್ತರಿಸಿ ಹೋಗಿರುತ್ತೆ. ಟಿಎಕ್ಸ್ ಡಿಲೇ (ಡೇಟಾ ಶುರುವಾಗೋ ಮುಂಚೆ ಬಿಡೋ ಸಮಯ) ಜಾಸ್ತಿ ಮಾಡಿದೆ, ಶುರು ಉಳೀತು. ಆದ್ರೆ ಪ್ಯಾಕೆಟ್ ಮುಗಿದ ಮೇಲೂ ಸೆಟ್ ಸ್ವಲ್ಪ ಹೊತ್ತು ಟ್ರಾನ್ಸ್‌ಮಿಟ್‌ನಲ್ಲೇ ನಿಲ್ಲುತ್ತೆ, ಆ ಕಡೆಯ ಉತ್ತರ ತಪ್ಪಿಹೋಗುತ್ತೆ. ಲೊಕೇಶನ್‌ಗೆ ಹೇಗೋ ನಡೆಯುತ್ತೆ, ವಿನ್‌ಲಿಂಕ್‌ಗೆ ಸುತಾರಾಂ ಆಗಲ್ಲ.

ಹೊಸದು ನೋಡಿದ್ರೆ, ಯಾಯೆಸು ಎಫ್‌ಟಿ5ಡಿಯಲ್ಲಿ ಜಿಪಿಎಸ್, ಎಪಿಆರ್‌ಎಸ್ ಒಳಗೇ ಇದೆ, ಆದ್ರೆ ಕಂಪ್ಯೂಟರಿಗೆ ಬೇಕಾದ ಕಿಸ್ ಮೋಡ್ (ಸೆಟ್ಟು ಕಂಪ್ಯೂಟರ್ ಜೊತೆ ಪ್ಯಾಕೆಟ್ ಕೊಟ್ಟು ತಗೊಳ್ಳೋ ವಿಧಾನ) ಇಲ್ಲ. ಕೆನ್‌ವುಡ್ ಟಿಎಚ್-ಡಿ75ರಲ್ಲಿ ಅದೂ ಇದೆ, ಬೆಲೆ ಮಾತ್ರ ನನ್ನ ಕೈಗೆಟುಕಲ್ಲ, ಜೊತೆಗೆ 5 ವ್ಯಾಟ್ ಈ ಕಾಡಿಗೆ ಸಾಲುತ್ತಾ ಅನ್ನೋ ಅನುಮಾನ ಬೇರೆ. ಹಾಗಾಗಿ ಹಳೇ ಮೊಬೈಲ್ ಸೆಟ್ (ಗಾಡಿಯಲ್ಲಿ ಕೂರಿಸೋ ರೇಡಿಯೊ), ಯುಎಸ್‌ಬಿ ಸೌಂಡ್ ಕಾರ್ಡ್, ರಾಸ್ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಡೈರ್‌ವುಲ್ಫ್ (ಪ್ಯಾಕೆಟ್ ಕಟ್ಟೋ, ಬಿಡಿಸೋ ಸಾಫ್ಟ್‌ವೇರ್), ಈ ದಾರಿಗೆ ಮನಸ್ಸು ವಾಲಿದೆ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ನನಗೆ 1200 ಬಾಡ್ ಡೇಟಾ ವೇಗ ಸಾಕು, 9600 ಬೇಡ. ಹಾಗಿದ್ರೂ ಹಿಂದುಗಡೆ 6 ಪಿನ್ ಡೇಟಾ ಸಾಕೆಟ್ ಇರೋ ಸೆಟ್ಟೇ ಹುಡುಕಬೇಕಾ? ಅಥವಾ ಸ್ಪೀಕರ್ ಜ್ಯಾಕ್, ಮೈಕ್ ಸಾಕೆಟ್‌ನಿಂದ ಆಡಿಯೊ ತಗೊಂಡು, ಪಿಟಿಟಿಗೆ (ಟ್ರಾನ್ಸ್‌ಮಿಟ್ ಆನ್ ಮಾಡೋ ಸ್ವಿಚ್) ಬೇರೆ ವೈರ್ ಎಳೆದ್ರೆ ವಿನ್‌ಲಿಂಕ್ ನೆಟ್ಟಗೆ ನಡೆಯುತ್ತಾ? ಹೀಗೆ ಓಡಿಸ್ತಿರೋರು ನಿಮ್ಮ ಸೆಟ್ಟಿನ ಮಾಡೆಲ್ ತಿಳಿಸಿ, ದಯವಿಟ್ಟು.

73 (ಶುಭ ಹಾರೈಕೆಗಳು)