ದಿನಾ ಹಾಕುವ ಇನ್ಹೇಲರ್: ಶುರು ಮಾಡಿದವರು, ಬಿಟ್ಟವರು ಅನುಭವ ಹೇಳಿ

ಅರೆನಿದ್ದೆ:
ಬಹಳ ದಿನದಿಂದ ರಾತ್ರಿ ಕೆಮ್ಮು, ಬೆಳಗಿನ ಜಾವ ಎದೆ ಬಿಗಿತ. ಊದುವ ಪರೀಕ್ಷೆ ಮಾಡಿಸಿ ಆಸ್ತಮಾ ಅಂದರು. ಉಸಿರು ಕಟ್ಟಿದಾಗ ಹಾಕಲು ನೀಲಿ ಪಂಪ್, ದಿನಾ ಎರಡು ಹೊತ್ತಿಗೆ ಸ್ಟೀರಾಯ್ಡ್ ಪಂಪ್. ನೀಲಿಯದರಲ್ಲೇ ಆರಾಮಾಗಿದ್ದೇನೆ. ಇನ್ನೊಂದರ ಡಬ್ಬಿಯನ್ನೇ ಒಡೆದಿಲ್ಲ. ಸ್ಟೀರಾಯ್ಡ್ ಅಂದರೆ ಭಯ. ದಿನವಿಡೀ ಮಾತಾಡುವ ಕೆಲಸ ನನ್ನದು, ಗಂಟಲು ಕೆಡುತ್ತದಂತೆ ಬೇರೆ. ಬಳಸಿದವರು ಹೇಳಿ.

ಹಳೇ ಉಬ್ಬಸ:
"ನೀಲಿಯದರಲ್ಲೇ ಆರಾಮ" ಅನ್ನುವುದನ್ನು ಓದಿ ಮೈ ಉರಿಯಿತು. ನಿಮ್ಮ ಮೇಲಲ್ಲ, ನನಗೆ ವರ್ಷಗಟ್ಟಲೆ ಅದೊಂದನ್ನೇ ಬರೆದುಕೊಟ್ಟವರ ಮೇಲೆ. ಆ ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಉಸಿರಿನ ಕೊಳವೆ ಸುತ್ತಲಿನ ಸ್ನಾಯುವನ್ನು ಸಡಿಲ ಮಾಡುತ್ತದೆ, ಅಷ್ಟೇ. ನಾಲ್ಕಾರು ಗಂಟೆ ಹಾಯಾಗಿರುತ್ತದೆ. ಒಳಗೋಡೆ ಊದಿಕೊಂಡು ಕಫ ಕಟ್ಟಿಕೊಂಡಿರುತ್ತಲ್ಲ, ಅದರ ತಂಟೆಗೇ ಅದು ಹೋಗುವುದಿಲ್ಲ. 2019ರಲ್ಲೇ ಜಿನಾ ಅನ್ನುವ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯವರು ದೊಡ್ಡವರಿಗೆ ನೀಲಿ ಪಂಪ್ ಒಂದನ್ನೇ ಕೊಡಬೇಡಿ ಅಂದರು. ನನ್ನ ಕಥೆ ಅದಕ್ಕೂ ಹಳೆಯದು. ದಿಂಬಿನ ಮೇಲೆ ದಿಂಬು ಪೇರಿಸಿ, ಕೂತುಕೊಂಡೇ ರಾತ್ರಿ ಕಳೆಯುತ್ತಿದ್ದೆ. ಬಡ್ತಿ ತಪ್ಪಿತು, ರಜೆಯೆಲ್ಲಾ ಮುಗಿದು ಸಂಬಳ ಕಡಿತ ಶುರುವಾಯಿತು. ಆಮೇಲೆ ಸ್ಟೀರಾಯ್ಡ್ ಪಂಪ್ ಬಂತು. ಅದನ್ನು ಹಾಕಿಕೊಳ್ಳುವುದು ಹೇಗೆ ಅಂತ ಒಬ್ಬರೂ ತೋರಿಸಲಿಲ್ಲ. ಔಷಧಿಯೆಲ್ಲಾ ನಾಲಿಗೆಗೆ, ಗಂಟಲಿಗೆ ಬಡಿಯುತ್ತಿತ್ತು. ಬಾಯಲ್ಲಿ ಬಿಳಿ ಬಿಳಿ ಅಗ್ರ, ಧ್ವನಿ ಒಡೆದು ಫೋನಿನಲ್ಲಿ ಹೆಂಡತಿಗೇ ಗುರುತು ಸಿಗದ ಹಾಗಾಯಿತು. ಕೊನೆಗೆ ನರ್ಸ್ ಒಬ್ಬರು ಪಂಪಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ, ಸ್ಪೇಸರ್, ಕೈಗಿಟ್ಟು, ಮೊದಲು ಉಸಿರು ಪೂರ್ತಿ ಬಿಡಿ, ಒತ್ತಿ ನಿಧಾನವಾಗಿ ಎಳೆಯಿರಿ, ಹತ್ತು ಎಣಿಸುವವರೆಗೆ ಬಿಗಿಹಿಡಿಯಿರಿ, ಬಾಯಿ ಮುಕ್ಕಳಿಸಿ ಉಗುಳಿ ಅಂದರು. ಆವತ್ತಿನಿಂದ ಗುಣ ಕಂಡಿದ್ದು. ಅದೂ ರಾತ್ರೋರಾತ್ರಿ ಅಲ್ಲ, ವಾರಗಳೇ ಹಿಡಿದವು.

ಬರಿಗೈ:
ನಾನು ಯಾವ ಪಂಪೂ ಇಲ್ಲದೆ ಇದ್ದೇನೆ, ಹೆಮ್ಮೆಯಿಂದಲೇ ಹೇಳುತ್ತೇನೆ. ಸಿಗರೇಟು ಬಿಟ್ಟೆ. ಬಿಟ್ಟ ಮೇಲೆ ಕೆಮ್ಮು ಇನ್ನೂ ಜಾಸ್ತಿಯಾಯಿತು, ಎಲ್ಲರೂ ನಕ್ಕರು. ಹೊಗೆಗೆ ಸೊರಗಿದ್ದ ಕೊಳವೆಯ ಸಣ್ಣ ಕೂದಲು ಚೇತರಿಸಿಕೊಂಡು ಕಫ ಮೇಲಕ್ಕೆ ತಳ್ಳುತ್ತಿದೆ, ಹೆದರಬೇಡಿ ಅಂದರು, ಹಾಗೇ ಆಯಿತು. ಕಾರ್ಪೆಟ್ ಎಸೆದೆ, ಪರದೆ ತೆಗೆದೆ, ಹಾಸಿಗೆ ಬದಲಿಸಿದೆ. ಸಾಕಿದ ಬೆಕ್ಕನ್ನೂ ಕೊಟ್ಟುಬಿಟ್ಟೆ, ಮಗಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಬೆಳಿಗ್ಗೆ ಸಂಜೆ ಉಸಿರಾಟದ ವ್ಯಾಯಾಮ. ಮನಸ್ಸಿದ್ದರೆ ಔಷಧಿ ಯಾಕೆ?

ಹಳೇ ಉಬ್ಬಸ:
ಮನಸ್ಸು! ನನ್ನ ತಂಗಿಗೂ ಹೀಗೇ ಯಾರೋ ಹೇಳಿ ಪಂಪ್ ಬಿಡಿಸಿದರು. ತುರ್ತು ವಿಭಾಗದಲ್ಲಿ ಬಾಯಿಂದ ಒಂದು ಮಾತು ಪೂರ್ತಿ ಹೊರಡುತ್ತಿರಲಿಲ್ಲ, ಎರಡು ಪದಕ್ಕೊಮ್ಮೆ ನಿಲ್ಲಿಸುತ್ತಿದ್ದಳು. ಆಸ್ತಮಾದಲ್ಲಿ ಗಾಳಿ ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಕಷ್ಟ. ಹಳೇ ಗಾಳಿ ಹೊರಗೆ ಹೋಗದೆ ಎದೆ ಉಬ್ಬಿಕೊಂಡೇ ಇರುತ್ತದೆ. ವ್ಯಾಯಾಮದಿಂದ ಮನಸ್ಸಿಗೆ ಹಗುರ ಆಗಬಹುದು, ಊತ ಇಳಿಯುವುದಿಲ್ಲ. ಅವಳಿಗೆ ಆಗ ದಿನಕ್ಕೆ 40 ಮಿಲಿಗ್ರಾಂ ಸ್ಟೀರಾಯ್ಡ್ ಮಾತ್ರೆ ನುಂಗಿಸಿದರು. ದಿನಾ ಹಾಕುವ ಪಂಪಿನಲ್ಲಿರುವುದು ಮೈಕ್ರೋಗ್ರಾಂ ಲೆಕ್ಕ. ಒಂದು ಮಿಲಿಗ್ರಾಂಗೆ 1000 ಮೈಕ್ರೋಗ್ರಾಂ, ನೀವೇ ಗುಣಿಸಿಕೊಳ್ಳಿ.

ಬರಿಗೈ:
ನಾನು ಯಾರಿಗೂ ಪಂಪ್ ಬಿಡಿ ಅನ್ನಲಿಲ್ಲ. ನಿಮ್ಮ ತಂಗಿಯ ವಿಷಯಕ್ಕೆ ನನ್ನ ಮೇಲೆ ಯಾಕೆ ಹಾಯ್ತೀರಿ?

ಇಬ್ಬರ ಅಮ್ಮ:
ಗಂಡಸರ ಜಗಳ ಆಮೇಲಿಟ್ಟುಕೊಳ್ಳಿ. ನನ್ನ ದೊಡ್ಡವನಿಗೆ ಈ ಸ್ಟೀರಾಯ್ಡ್ ಪಂಪ್ ಶುರು ಮಾಡಿದಾಗ ಅತ್ತೆ ಮನೆಯಲ್ಲಿ ಯುದ್ಧವೇ ನಡೆಯಿತು. ಕುಳ್ಳ ಆಗಿಬಿಡ್ತಾನೆ ಅಂತ. ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಆಗಬಹುದು ಅಂತ ಡಾಕ್ಟರೇ ಬಾಯಿಬಿಟ್ಟು ಹೇಳಿದ್ದರು, ಮುಚ್ಚಿಡಲಿಲ್ಲ. ರಾತ್ರಿ ಅವನ ಪಕ್ಕೆಲುಬಿನ ಸಂದು ಒಳಕ್ಕೆ ಸೇದಿಕೊಳ್ಳುವುದನ್ನು ನೋಡಿದವಳಿಗೆ ಒಂದು ಸೆಂಟಿಮೀಟರ್ ಯಾವ ಲೆಕ್ಕ? ನನಗೆ ಸಿಟ್ಟು ಇರುವುದು ಆಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ಮೇಲೆ. ಪಂಪ್ ಬೇಡ ಅಂತ ಮನೆಯವರು ಹಟ ಹಿಡಿದಾಗ ಅದನ್ನು ಕೊಟ್ಟರು. ಮಗು ರಾತ್ರಿ ಕಿರುಚಿಕೊಂಡು ಏಳೋದು, ಹಗಲೆಲ್ಲಾ ರೇಗೋದು. ಶಾಲೆಯಿಂದ ದೂರು. ನಿಲ್ಲಿಸಿದ ಮೇಲೆ ಸರಿಹೋದ. ಮನಸ್ಸು, ನಿದ್ದೆ ಕೆಡಿಸಬಹುದು ಅಂತ 2020ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತ್ತು. ನಮಗೆ ಹೇಳಿದವರು ಯಾರು?

ಮೂರನೇ ಮಹಡಿ:
ನಮ್ಮ ಮನೆಯಲ್ಲಿ ಇಬ್ಬರು ಅದೇ ಮಾತ್ರೆ ತಗೊಳ್ಳುತ್ತಾರೆ, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ. ಪಂಪ್, ಸ್ಪೇಸರ್ ಎಲ್ಲಾ ಆಟಿಕೆ, ಔಷಧಿಯನ್ನು ಮಂಜು ಮಾಡಿ ಮಾಸ್ಕಿನಲ್ಲಿ ಕೊಡುವ ನೆಬ್ಯುಲೈಸರ್ ಮಿಷನ್ನೇ ಗಟ್ಟಿ.

ಇಬ್ಬರ ಅಮ್ಮ:
ನಿಮ್ಮ ಮನೆಯಲ್ಲಿ ಆಗಲಿಲ್ಲ ಅಂದರೆ ನನ್ನ ಮನೆಯಲ್ಲಿ ಆಗಿದ್ದು ಸುಳ್ಳಾ? ಮಿಷನ್ ನಾವೂ ಕೊಂಡಿದ್ದೆವು, ಅಟ್ಟದ ಮೇಲಿದೆ. ಅದರ ಬಟ್ಟಲು, ಮಾಸ್ಕ್ ತೊಳೆದು ಒಣಗಿಸುವುದೇ ಒಂದು ಸಂಸಾರ. ಸಾಮಾನ್ಯ ಉಬ್ಬಸಕ್ಕೆ ಸ್ಪೇಸರ್ ಅಷ್ಟೇ ಕೆಲಸ ಮಾಡುತ್ತದೆ.

ಕಣ್ಣಿನ ಹನಿ:
ಯಾರೂ ಹೇಳದ ಒಂದು ವಿಷಯ. ಅಪ್ಪನಿಗೆ ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಟಿಮೊಲಾಲ್ ಹನಿ ಹಾಕುತ್ತಿದ್ದೆವು. ಅದು ಬೀಟಾ ಬ್ಲಾಕರ್, ಬಿಪಿ, ಹೃದಯಕ್ಕೆ ಕೊಡುವ ಮಾತ್ರೆಗಳ ಜಾತಿಯದು. ಕಣ್ಣಿನಿಂದ ಮೂಗಿಗಿಳಿದು ರಕ್ತಕ್ಕೆ ಸೇರಿ ಉಸಿರಿನ ಕೊಳವೆ ಬಿಗಿಯುತ್ತದೆ ಅಂತ ಯಾರಿಗೆ ಹೊಳೆಯಬೇಕು? ಎದೆಯ ಡಾಕ್ಟರು ಕಣ್ಣಿನ ಚೀಟಿ ಕೇಳಲಿಲ್ಲ, ಕಣ್ಣಿನವರು ಎದೆಯ ಚೀಟಿ ಕೇಳಲಿಲ್ಲ. ಎಕ್ಸ್‌ರೇ, ಸ್ಕ್ಯಾನ್, ಹೃದಯದ ಪರೀಕ್ಷೆ ಅಂತ ಇಡೀ ವರ್ಷದ ಉಳಿತಾಯ ಕರಗಿತು. ಹನಿ ಬದಲಿಸಿದ ಮೇಲೆ ಉಬ್ಬಸ ಇಳಿಯಿತು. ನಿಮ್ಮ ಎಲ್ಲಾ ಔಷಧಿಯನ್ನೂ ಒಂದೇ ಚೀಲದಲ್ಲಿ ತಗೊಂಡು ಹೋಗಿ ತೋರಿಸಿ.

ಅರೆನಿದ್ದೆ:
ನನಗೆ ಕಣ್ಣಿನ ತೊಂದರೆ ಇಲ್ಲ, ಬೆಕ್ಕೂ ಇಲ್ಲ. ಗಂಟಲಿನ ವಿಷಯ ಕೇಳಿದ್ದೆ…

ಹಳೇ ಉಬ್ಬಸ:
ಸ್ಪೇಸರ್, ಮುಕ್ಕಳಿಸುವುದು. ಮೇಲೆ ಬರೆದಿದ್ದೇನೆ. ಆದರೆ ನಿಮ್ಮದು ಪುಡಿ ಇನ್ಹೇಲರ್ ಆದರೆ ಸ್ಪೇಸರ್ ಬರುವುದಿಲ್ಲ, ಜೋರಾಗಿ ಒಂದೇ ಎಳೆತಕ್ಕೆ ಎಳೆಯಬೇಕು. ಮುಕ್ಕಳಿಸುವುದು ಅದಕ್ಕೂ ಬಿಡಬೇಡಿ. ಬೆಕ್ಕಿನ ವಿಷಯ ಬಂತಲ್ಲ, ಬರಿಗೈ ಅವರೇ, ಬೆಕ್ಕು ಹೋದ ಮೇಲೂ ಅದರ ಚರ್ಮದ ಹೊಟ್ಟು ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನಿಮಗೆ ಗುಣ ಆಗಿದ್ದು ಸಿಗರೇಟು ಬಿಟ್ಟಿದ್ದಕ್ಕೆ.

ಬರಿಗೈ:
ನನ್ನ ಎದೆ, ನನ್ನ ಬೆಕ್ಕು. ನಿಮಗೆ ಗೊತ್ತಾ ನನಗೆ ಯಾವುದರಿಂದ ಗುಣ ಆಯಿತು ಅಂತ?

ಮೂರನೇ ಮಹಡಿ:
ಪಂಪ್ ಖಾಲಿಯಾಯಿತಾ ಅಂತ ನೋಡಲು ನೀರಿನಲ್ಲಿ ತೇಲಿಬಿಡಿ, ಇದನ್ನಾದರೂ ಬರೆದುಕೊಳ್ಳಿ.

ಇಬ್ಬರ ಅಮ್ಮ:
ದಯವಿಟ್ಟು ಬರೆದುಕೊಳ್ಳಬೇಡಿ! ತೇಲುವುದರಿಂದ ಏನೂ ಗೊತ್ತಾಗುವುದಿಲ್ಲ, ನೀರು ಸೇರಿ ಬಾಯಿ ಕಟ್ಟಿಕೊಳ್ಳಬಹುದು. ಔಷಧಿ ಮುಗಿದ ಮೇಲೂ ಬರೀ ಅನಿಲ ಪುಸ್ ಅನ್ನುತ್ತಿರುತ್ತದೆ. ಇನ್ನೆಷ್ಟು ಸಲ ಬರುತ್ತದೆ ಅಂತ ಹಿಂಬದಿಯಲ್ಲಿ ಎಣಿಕೆ ತೋರಿಸುವ ಪಂಪನ್ನೇ ಕೇಳಿ ತಗೊಳ್ಳಿ.

ಮೂರನೇ ಮಹಡಿ:
ಎಣಿಕೆ ಇಲ್ಲದ ಪಂಪ್ ನನ್ನ ಬಳಿ ಇನ್ನೂ ಎರಡಿವೆ, ಎರಡೂ ತೇಲುತ್ತವೆ. ಎಸೆಯಬೇಕಾ ಈಗ?