ಸಹಾಯ ಬೇಕು: ಮನೆಗೆ ಬ್ಯಾಟರಿ ಡ್ರಿಲ್, ಯಾವ ಕಂಪನಿಯದ್ದು ತಗೊಳ್ಳಲಿ?

ನಮಸ್ಕಾರ. ನಮ್ಮದು ಮಲ್ಪೆ ಹತ್ತಿರ ಮುರಕಲ್ಲಿನ ಹಳೆ ಮನೆ. ಮಳೆಗಾಲ ಬಂತೆಂದರೆ ಹಲಸಿನ ಮರದ ಬಾಗಿಲು ಉಬ್ಬಿ ಹೊಸ್ತಿಲಿಗೆ ಉಜ್ಜುತ್ತದೆ. ಬಾಗಿಲಿನ ಬಿಜಾಗರಿಯ ಸ್ಕ್ರೂ ತಿರುಗಿಸಲು ಹೋದರೆ ತುಕ್ಕು ಹಿಡಿದ ತಲೆ ಮುರಿದು ಕೈಗೆ ಬರುತ್ತದೆ. ಕರೆಂಟೂ ಆಗಾಗ ಇರುವುದಿಲ್ಲ. ಅದಕ್ಕೇ ವೈರ್ ಇಲ್ಲದ ಡ್ರಿಲ್ ಬೇಕು.

ಬಾಷ್, ಮಕೀಟಾ, ಡಿವಾಲ್ಟ್ ಮೂರರಲ್ಲಿ ಯಾವುದು? ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಬಾಷ್‌ನಲ್ಲೇ ನೀಲಿ ಟೂಲ್‌ನ (ವೃತ್ತಿಪರರದ್ದು) 18 ವೋಲ್ಟ್ ಬ್ಯಾಟರಿ ಹಸಿರು ಟೂಲ್‌ಗೆ (ಮನೆಬಳಕೆಯದ್ದು) ಆಗುವುದಿಲ್ಲ. ಮುಂದೆ ಗ್ರೈಂಡರ್ ತಗೊಂಡರೂ ಅದೇ ಕಂಪನಿಯದ್ದೇ ಬೇಕಾಗುತ್ತದೆ, ಅಲ್ವಾ? ಹಾಗಾಗಿ ಸುಮ್ನೆ ಆಫರ್ ನೋಡಿ ತಗೊಳ್ಳಲು ಮನಸ್ಸಿಲ್ಲ.

ಮುರಕಲ್ಲಿಗೆ 12 ವೋಲ್ಟ್ ಸಾಕಾ? ಉಪ್ಪು ಗಾಳಿಯಲ್ಲಿ ಮೂರ್ನಾಲ್ಕು ಮಳೆಗಾಲ ಬಳಸಿದವರು, ಉಡುಪಿ-ಮಂಗಳೂರಿನಲ್ಲಿ ರಿಪೇರಿ ಮಾಡಿಸಿದವರು ದಯವಿಟ್ಟು ತಿಳಿಸಿ.